ಪ್ರಿಟೋರಿಯದ ಇಂಗ್ಲಿಷ್ ಮೇಷ್ಟ್ರು

ನಮ್ಮ ಹೊಸೂರಿಗೆ ಸಮೀಪದ ತೊರಪಳ್ಳಿಯಲ್ಲಿ 1878ರಲ್ಲಿ ಜನಿಸಿದ ರಾಜಾಜಿಯವರು ಮಹಾತ್ಮ ಗಾಂಧೀಜಿಯವರಿಗೆ ಬೀಗರು. ಗಾಂಧೀಜಿಯವರ ಮಗ ದೇವದಾಸರು ರಾಜಾಜಿಯವರ ಮಗಳು ಲಕ್ಷ್ಮಿಯವರನ್ನು 1933ರಲ್ಲಿ ವಿವಾಹವಾದರು. ಹೀಗೆ ನಮ್ಮ ಸೀಮೆಗೆ ನೆಂಟರಾದ ಗಾಂಧೀಜಿಯವರು ಪರದೇಶದಲ್ಲಿ ದುಡಿಯುವ ಜನರಿಗೆ ಇಂಗ್ಲಿಷ್ ಕಲಿಸಿದ ಮೇಷ್ಟ್ರೂ ಆಗಿದ್ದರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು.

ಗಾಂಧೀಜಿಯವರು 1869ನೇ ಅಕ್ಟೋಬರ್ 2ರಂದು ಪೋರಬಂದರಿನಲ್ಲಿ ಜನಿಸಿದರು. ಹೈಸ್ಕೂಲಿನಲ್ಲಿ ಪಾಠಗಳೆಲ್ಲ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ನಡೆಯತೊಡಗಿದಾಗ ಬಾಲಕ ಮೋಹನದಾಸನಿಗೆ ದಿಕ್ಕೇ ತೋಚದಾಯಿತು. ರೇಖಾಗಣಿತವಂತೂ ಕಬ್ಬಿಣದ ಕಡಲೆಯಾಯಿತು. 1888ರಲ್ಲಿ ಲಂಡನ್ನಿಗೆ ತೆರಳಿ, 1891ರಲ್ಲಿ ಬ್ಯಾರಿಸ್ಟರಾಗಿ ಮರಳಿದರೂ ಸಂಕೋಚ ಬಿಡಲಿಲ್ಲ. ಮುಂಬಯಿಯ ನ್ಯಾಯಾಲಯದಲ್ಲಿ ಮೊದಲ ಮೊಕದ್ದಮೆಯ ದಿನ ಎದ್ದು ನಿಂತವರು ಮಾತು ಹೊರಡದೆ ಕುಳಿತುಬಿಟ್ಟರು. ಹೆಸರಾಂತ ಹೈಸ್ಕೂಲೊಂದಕ್ಕೆ ದಿನಕ್ಕೆ ಒಂದು ಗಂಟೆ ಇಂಗ್ಲಿಷ್ ಕಲಿಸುವ ಉಪಾಧ್ಯಾಯರು ಬೇಕಾಗಿದ್ದರು. ಸಂಬಳ 75 ರೂಪಾಯಿ. ಅರ್ಜಿ ಹಾಕಿದರು, ಪದವೀಧರರಲ್ಲವೆಂಬ ಕಾರಣದಿಂದ ಆ ಕೆಲಸವೂ ಸಿಗಲಿಲ್ಲ.

1893ರಲ್ಲಿ ದಾದಾ ಅಬ್ದುಲ್ಲಾ ಎಂಬ ವರ್ತಕರ ಮೊಕದ್ದಮೆಗಾಗಿ ಅವರು ದಕ್ಷಿಣ ಆಫ್ರಿಕಕ್ಕೆ ಹೋದರು. ಮೊದಲನೆಯ ದರ್ಜೆಯ ಟಿಕೆಟ್ ಇದ್ದರೂ ಬಣ್ಣದ ಕಾರಣಕ್ಕೆ ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ ಅವರನ್ನು ರೈಲಿನಿಂದ ಹೊರದಬ್ಬಿದ ಕಥೆಯನ್ನು ನಾವೆಲ್ಲ ಓದಿದ್ದೇವೆ. ಆ ಪ್ರಯಾಣ ಮುಗಿದದ್ದು ಪ್ರಿಟೋರಿಯದಲ್ಲಿ. ಅಲ್ಲಿ ಅವರು ಭಾರತೀಯರ ಸಭೆ ಸೇರಿಸಿ ತಮ್ಮ ಜೀವನದ ಮೊದಲ ಸಾರ್ವಜನಿಕ ಭಾಷಣ ಮಾಡಿದರು. ನೆರೆದವರಲ್ಲಿ ಇಂಗ್ಲಿಷ್ ಬಲ್ಲವರು ಬಹಳ ಕಡಮೆ. ಆ ನಾಡಿನಲ್ಲಿ ಬಾಳಲು ಅದರ ಅಗತ್ಯವನ್ನು ಕಂಡ ಗಾಂಧೀಜಿ, ದೊಡ್ಡ ವಯಸ್ಸಿನಲ್ಲಿಯೂ ಭಾಷೆ ಕಲಿಯಬಹುದೆಂದು ಧೈರ್ಯ ತುಂಬಿ, ಬಿಡುವಿನ ವೇಳೆಯಲ್ಲಿ ತಾವೇ ಕಲಿಸಲು ಮುಂದಾದರು. ಆಗ ಅವರಿಗೆ ಇಪ್ಪತ್ತಮೂರೇ ವರ್ಷ.

ಮೂವರು ಒಪ್ಪಿದರು. ಒಬ್ಬ ಕ್ಷೌರಿಕ, ಒಬ್ಬ ಗುಮಾಸ್ತ, ಇನ್ನೊಬ್ಬ ಸಣ್ಣ ಅಂಗಡಿಯವನು. ಮೊದಲಿಬ್ಬರು ಮುಸಲ್ಮಾನರು, ಮೂರನೆಯವನು ಹಿಂದೂ. ಮೇಷ್ಟ್ರೇ ತಾವಿದ್ದಲ್ಲಿಗೆ ಬರಬೇಕೆಂಬುದು ಅವರ ಷರತ್ತು! ಗಾಂಧೀಜಿ ಹೋಗುತ್ತಿದ್ದರು. ಕೆಲವು ದಿನ ಶಿಷ್ಯರು ಕಸುಬಿನಲ್ಲಿ ಮುಳುಗಿರುತ್ತಿದ್ದರು, ಗುರುಗಳು ತಾಳ್ಮೆಗೆಡಲಿಲ್ಲ. ಸುಮಾರು ಎಂಟು ತಿಂಗಳಲ್ಲಿ ಇಬ್ಬರು ಲೆಕ್ಕ ಬರೆದಿಡುವಷ್ಟು, ವ್ಯಾಪಾರದ ಕಾಗದ ಬರೆಯುವಷ್ಟು ಕಲಿತರು. ಕ್ಷೌರಿಕನಿಗೆ ಗಿರಾಕಿಗಳೊಡನೆ ನಾಲ್ಕು ಮಾತಾಡಲು ಬಂದರೆ ಸಾಕಾಗಿತ್ತು. ಯಾರಿಗೆ ಎಷ್ಟು ಬೇಕೋ ಅಷ್ಟೇ ಪಾಠ.

ಮುಂದೆ 1910ರಲ್ಲಿ ಆರಂಭವಾದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಮಕ್ಕಳಿಗೆ ಅವರವರ ತಾಯ್ನುಡಿಯಲ್ಲೇ ಪಾಠ ಹೇಳಿಸಿದರು, ಇಂಗ್ಲಿಷನ್ನೂ ಕಲಿಸಿದರು. ಹಡಗಿನಲ್ಲಿ, ಸೆರೆಮನೆಯಲ್ಲಿ ತಾವು ಕಲಿತ ಅಲ್ಪಸ್ವಲ್ಪ ತಮಿಳಿನಿಂದಲೇ ತಮಿಳು ಮಕ್ಕಳಿಗೆ ಅಕ್ಷರ ಹೇಳಿಕೊಟ್ಟರು. ವಿದ್ಯೆ ತಾಯ್ನುಡಿಯಲ್ಲಿರಬೇಕೆಂಬ ಅವರ ನಿಲುವು 1948ನೇ ಜನವರಿ 30ರಂದು ಹುತಾತ್ಮರಾಗುವವರೆಗೂ ಸಡಿಲಲಿಲ್ಲ.

ನಮ್ಮ ಗಡಿನಾಡಿನಲ್ಲಿ ಮನೆಯ ಮಾತು ಕನ್ನಡವಾದರೆ ನೆರೆಮನೆಯದು ತೆಲುಗು, ಕಚೇರಿಯದು ತಮಿಳು, ಕಾರ್ಖಾನೆಯದು ಇಂಗ್ಲಿಷ್. ಕನ್ನಡದಲ್ಲಿ ಓದಿದ ನಾವು ಇಂಗ್ಲಿಷ್ ಕಂಡು ಅಂಜಬೇಕಾಗಿಲ್ಲ; ಬಾರದೆಂದು ನಾಚಿ ಬಾಯಿ ಮುಚ್ಚಿಕೊಳ್ಳಬೇಕಾಗಿಯೂ ಇಲ್ಲ. ನ್ಯಾಯಾಲಯದಲ್ಲಿ ಮಾತು ಹೊರಡದೆ ಕುಳಿತವರೇ ಮುಂದೆ ಇತರರಿಗೆ ಮಾತು ಕಲಿಸಿದರು. ಕತ್ತರಿ ಹಿಡಿದ ಕೈಯವನು ದುಡಿಮೆಯ ನಡುವೆಯೇ ಕಲಿತನು. ವಿದ್ಯಾರ್ಥಿಗಳಾದ ನಮಗೆ ಅವನಿಗಿಂತ ಹೆಚ್ಚು ಬಿಡುವಿದೆಯಲ್ಲವೇ?