ಪಂಡಿತಾ ರಮಾಬಾಯಿಯವರೂ ಸತ್ಯವೇದದ ಅಭ್ಯಾಸವೂ

ಸತ್ಯವೇದದ ವಚನವೊಂದರ ಅರ್ಥವು ತಿಳಿಯದಿದ್ದಾಗ ನಮ್ಮ ಬಾಲಿಕೆಯರು ಈಗ ಕೃತಕ ಬುದ್ಧಿಮತ್ತೆಯ ಶೋಧಕ ಯಂತ್ರವನ್ನು ಕೇಳುತ್ತಾರೆ. ಕ್ಷಣಮಾತ್ರದಲ್ಲಿ ಉತ್ತರವು ದೊರೆಯುತ್ತದೆ. ಇಂಥ ಕಾಲದಲ್ಲಿ, ವಚನಗಳ ಅರ್ಥಕ್ಕಾಗಿ ಅನೇಕ ವರ್ಷ ಶ್ರಮಿಸಿದ ಮಹಿಳೆಯೊಬ್ಬರ ಚರಿತ್ರೆಯನ್ನು ಸ್ಮರಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಪಂಡಿತಾ ರಮಾಬಾಯಿಯವರು 1858ನೆಯ ಇಸವಿಯ ಏಪ್ರಿಲ್ 23ರಂದು ನಮ್ಮ ಕನ್ನಡ ನಾಡಿನ ಸಹ್ಯಾದ್ರಿಯಲ್ಲಿ, ಗಂಗಾಮೂಲದ ಅರಣ್ಯದಲ್ಲಿ ಜನಿಸಿದರು. ತಂದೆಯಾದ ಅನಂತಶಾಸ್ತ್ರಿ ಡೋಂಗ್ರೆಯವರು ಸ್ವಜನರ ವಿರೋಧವನ್ನು ಲೆಕ್ಕಿಸದೆ ಪತ್ನಿಗೆ ಸಂಸ್ಕೃತವನ್ನು ಕಲಿಸಿದ್ದರು. ಆ ತಾಯಿಯೇ ಮಗಳಿಗೆ ಗುರುವಾದರು. ಕ್ಷಾಮಕಾಲದಲ್ಲಿ ತಂದೆತಾಯಿಯರನ್ನು ಕಳೆದುಕೊಂಡ ರಮಾಬಾಯಿಯವರು ಅಣ್ಣನೊಡನೆ ಕಾಲ್ನಡಿಗೆಯಿಂದ ದೇಶವನ್ನು ಸಂಚರಿಸಿ, 1878ರಲ್ಲಿ ಕಲ್ಕತ್ತೆಯನ್ನು ಸೇರಿದರು. ಅಲ್ಲಿಯ ವಿದ್ವಾಂಸರು ಅವರ ಪಾಂಡಿತ್ಯವನ್ನು ಮೆಚ್ಚಿ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನಿತ್ತರು. 1880ರಲ್ಲಿ ವಿವಾಹವಾಯಿತು, 1882ರಲ್ಲಿಯೇ ವೈಧವ್ಯವು ಪ್ರಾಪ್ತವಾಯಿತು.

1883ರಲ್ಲಿ ಇಂಗ್ಲೆಂಡಿಗೆ ಹೋಗಿ, ಅದೇ ವರ್ಷ ಮಗಳೊಡನೆ ದೀಕ್ಷಾಸ್ನಾನ ಹೊಂದಿದರು. ಆದರೆ ಹಿರಿಯರು ಹೇಳಿದರೆಂಬ ಮಾತ್ರಕ್ಕೆ ಯಾವ ಬೋಧನೆಯನ್ನೂ ಒಪ್ಪದೆ, ಸತ್ಯವೇದವನ್ನು ತಾವೇ ಓದಿ ವಿಚಾರಿಸಿದರು. ತಮಗೆ ಆಶ್ರಯವಿತ್ತ ಕ್ರೈಸ್ತ ಸೋದರಿಯರಿಗೆ ಇದರಿಂದ ನೋವುಂಟಾದರೂ ಅವರು ಆ ಸ್ವಾತಂತ್ರ್ಯವನ್ನು ಬಿಟ್ಟುಕೊಡಲಿಲ್ಲ.

1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನು ಸ್ಥಾಪಿಸಿದರು. ಮುಂದೆ ಪುಣೆಯ ಸಮೀಪದ ಕೇಡಗಾಂವಿಯ ಮುಕ್ತಿ ಸದನದಲ್ಲಿ ಕ್ಷಾಮಪೀಡಿತರಾದ ನೂರಾರು ಬಾಲಿಕೆಯರಿಗೆ ಆಶ್ರಯವಿತ್ತರು. ಆಗ ಪ್ರಚಾರದಲ್ಲಿದ್ದ ಮರಾಠಿ ಸತ್ಯವೇದವು ಸಾಮಾನ್ಯ ಸ್ತ್ರೀಯರಿಗೆ ಕಠಿಣವಾಗಿದೆಯೆಂದು ಕಂಡು, ಇಬ್ರಿಯ ಮತ್ತು ಗ್ರೀಕ್ ಭಾಷೆಗಳನ್ನು ಅಭ್ಯಾಸಮಾಡಿ, ಸಮಗ್ರ ಗ್ರಂಥವನ್ನು ಸರಳ ಮರಾಠಿಗೆ ತಂದರು. ಮುಕ್ತಿಯ ಸ್ತ್ರೀಯರೇ ಅಚ್ಚಿನ ಮೊಳೆಗಳನ್ನು ಜೋಡಿಸಿದರು. ಅನುವಾದವನ್ನು ಪೂರೈಸಿ ರಮಾಬಾಯಿಯವರು 1922ರ ಏಪ್ರಿಲ್ 5ರಂದು ದೈವಾಧೀನರಾದರು. ಗ್ರಂಥವು 1924ರಲ್ಲಿ ಪ್ರಕಟವಾಯಿತು.

ನವೀನ ಯಂತ್ರವನ್ನು ನಾವು ದೂಷಿಸುವುದಿಲ್ಲ. ಮೂಲಭಾಷೆಯ ಪದವನ್ನು ಹುಡುಕಲು, ಒಂದೇ ವಿಷಯದ ವಚನಗಳನ್ನು ಒಟ್ಟುಗೂಡಿಸಲು ಅದು ಸಹಾಯಕವು. ಆದರೆ ಅದು ಕೆಲವೊಮ್ಮೆ ಗ್ರಂಥದಲ್ಲಿಲ್ಲದ ವಚನವನ್ನೂ ಉಂಟೆಂದು ಹೇಳುವುದುಂಟು. ನಾನಾ ಸಭೆಗಳ ವ್ಯಾಖ್ಯಾನಗಳನ್ನು ಬೆರೆಸಿ ಒಂದೇ ಮತವೆಂಬಂತೆ ತೋರಿಸುವುದೂ ಉಂಟು. ಆದುದರಿಂದ ಮಾತಾಪಿತೃಗಳು ಮಕ್ಕಳ ಕೈಯಿಂದ ಯಂತ್ರವನ್ನು ಕಸಿದುಕೊಳ್ಳಬೇಕಾಗಿಲ್ಲ. ಉತ್ತರವು ಬಂದೊಡನೆ ಗ್ರಂಥವನ್ನು ತೆರೆದು, ಆ ಅಧ್ಯಾಯವನ್ನು ಹಿಂದುಮುಂದು ಸಹಿತವಾಗಿ ಓದಿಸಿದರೆ ಸಾಕು. ಸ್ತ್ರೀಯು ತಾನೇ ಓದಿ ತಿಳಿಯಬೇಕೆಂದು ರಮಾಬಾಯಿಯವರು ಸಂಪಾದಿಸಿಕೊಟ್ಟ ಹಕ್ಕನ್ನು ನಮ್ಮ ಪುತ್ರಿಯರು ಆಲಸ್ಯದಿಂದ ಕಳೆದುಕೊಳ್ಳದಿರಲಿ.