ಗಿಡದಲ್ಲಿ ನೀರು ಮೇಲೇರುವುದು ಹೇಗೆ? ಬಿ.ಜಿ.ಎಲ್. ಸ್ವಾಮಿ ಕಂಡ ವಿಚಿತ್ರ ಸಸ್ಯ

ಸಿರಿಗೇರಿ, ಸಿರುಗುಪ್ಪ ಸುತ್ತಿನ ಹೊಲಗಳಲ್ಲಿ ಬಿಸಿಲೇರಿದ ಮಧ್ಯಾಹ್ನ ಮೆಣಸಿನ ಗಿಡ ಎಲೆ ಜೋತು ಬಿಡುತ್ತದೆ. ಬುಡದಲ್ಲಿ ತೇವವಿದ್ದರೂ ಹೀಗೇಕೆ? ಬೇರು ಪಂಪಿನಂತೆ ನೀರನ್ನು ಮೇಲಕ್ಕೆ ತಳ್ಳುತ್ತದೆ ಎಂದು ಹಲವರು ನಂಬುತ್ತಾರೆ. ಆದರೆ ಹಗಲಲ್ಲಿ ನೀರನ್ನು ಎಳೆಯುವುದು ಮುಖ್ಯವಾಗಿ ಎಲೆ. ಎಲೆಯಿಂದ ನೀರು ಆವಿಯಾದಂತೆ, ಒಂದಕ್ಕೊಂದು ಅಂಟಿಕೊಂಡ ನೀರಿನ ಕಣಗಳು ದಾರದಂತೆ ಮೇಲೆ ಬರುತ್ತವೆ. ಡಬ್ಲಿನ್‌ನ ಡಿಕ್ಸನ್ ಮತ್ತು ಜೋಲಿ 1894ರಲ್ಲಿ ಇದನ್ನು ವಿವರಿಸಿದರು.

ಎಳೆತ ಮಿತಿ ಮೀರಿದರೆ ಈ ದಾರ ತುಂಡಾಗುತ್ತದೆ. ಕೊಳವೆಯೊಳಗೆ ಗಾಳಿಗುಳ್ಳೆ ತುಂಬಿ ನೀರಿನ ದಾರಿ ಕಟ್ಟಿಕೊಳ್ಳುತ್ತದೆ.

ಈ ಕೊಳವೆಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ ಕನ್ನಡಿಗ ಬಿ.ಜಿ.ಎಲ್. ಸ್ವಾಮಿ. 1918ರಲ್ಲಿ ಹುಟ್ಟಿದ ಇವರು ಡಿ.ವಿ. ಗುಂಡಪ್ಪನವರ ಮಗ. ಆರ್ಕಿಡ್ ಗಿಡಗಳ ಸಂಶೋಧನೆಯಿಂದ ಹೆಸರಾದ ಅವರು ಅಮೆರಿಕದ ಹಾರ್ವರ್ಡ್‌ನಲ್ಲಿ ಇರ್ವಿಂಗ್ ಬೈಲಿಯವರ ಜೊತೆ ಕೆಲಸ ಮಾಡಿದರು. ಹೆಚ್ಚಿನ ಹೂಗಿಡಗಳಲ್ಲಿ ನೀರು ಸಾಗಲು ಉದ್ದನೆಯ ಅಗಲ ನಾಳಗಳಿರುತ್ತವೆ. ಸಾರ್ಕ್ಯಾಂಡ್ರ ಎಂಬ ಹೂಗಿಡದ ಕಾಂಡದಲ್ಲಿ ಅಂಥ ನಾಳಗಳಿಲ್ಲ, ಬರೀ ಸಣ್ಣ ಮುಚ್ಚಿದ ಕೋಶಗಳಿವೆ ಎಂದು ಇಬ್ಬರೂ 1950ರಲ್ಲಿ ಪ್ರಕಟಿಸಿದರು. ದಕ್ಷಿಣ ಭಾರತದ ಒಂದು ಸಾರ್ಕ್ಯಾಂಡ್ರಕ್ಕೆ ಸ್ವಾಮಿ ಬೈಲಿಯವರ ಹೆಸರನ್ನೇ ಇಟ್ಟರು. ಮುಂದೆ 1987ರಲ್ಲಿ ಇದೇ ಗಿಡದ ಬೇರಿನಲ್ಲಿ ನಾಳಗಳು ಕಂಡವು. ಹೀಗೆ ಆ ಮಾತಿಗೆ ತಿದ್ದುಪಡಿ ಬಂತು.

ಇದರಿಂದ ತಿಳಿಯುವುದೇನು? ಅಗಲ ನಾಳದಲ್ಲಿ ನೀರು ಬೇಗ ಸಾಗುತ್ತದೆ, ಆದರೆ ಒಂದು ಗುಳ್ಳೆ ಇಡೀ ನಾಳವನ್ನೇ ಕೆಡಿಸಬಹುದು. ಸಣ್ಣ ಕೋಶಗಳಲ್ಲಿ ನೀರು ನಿಧಾನ, ಆದರೆ ಗುಳ್ಳೆ ಒಂದು ಕೋಶದಲ್ಲೇ ಸಿಕ್ಕಿಬೀಳುತ್ತದೆ.

ಸ್ವಾಮಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಪ್ರಾಂಶುಪಾಲರಾದರು. ಸಸ್ಯಲೋಕವನ್ನು ನಗೆಯೊಂದಿಗೆ ಕನ್ನಡಿಗರಿಗೆ ತಲುಪಿಸಿದ ‘ಹಸುರು ಹೊನ್ನು’ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಮ್ಮ ಮೆಣಸಿನಕಾಯಿ ಅಮೆರಿಕ ಖಂಡಗಳಿಂದ ಬಂದ ಕಥೆಯನ್ನೂ ಅವರು ಬರೆದರು. 1980ರಲ್ಲಿ ತೀರಿಕೊಂಡರು.

ಹಾಗಾಗಿ ಮಧ್ಯಾಹ್ನ ಬಾಡಿದ ಗಿಡ ಕಂಡ ಕೂಡಲೇ ನೀರು ಬಿಡಬೇಡಿ. ಮೊದಲು ಬುಡದ ಮಣ್ಣು ಮುಟ್ಟಿ ನೋಡಿ. ತೇವವಿದ್ದು, ಸಂಜೆ ಗಿಡ ಚೇತರಿಸಿಕೊಂಡರೆ ಎಲೆಯ ಖರ್ಚಿಗೆ ಬೇರು ಹೊಂದಿಕೊಂಡಿದೆ ಎಂದರ್ಥ. ಬೆಳಗಾದರೂ ಏಳದಿದ್ದರೆ ಬೇರಿಗೆ ರೋಗ ತಗುಲಿರಬಹುದು; ಆಗ ಹೆಚ್ಚಿನ ನೀರಿನಿಂದ ತೊಂದರೆಯೇ ಹೆಚ್ಚು, ಕೃಷಿ ಅಧಿಕಾರಿಗಳನ್ನು ಕೇಳಿ.