ಜಪಾನಿನ ಮಂಜು, ಮೈಸೂರಿನ ಕುಂಚ: ಕಲಾವಿದ ಕೆ. ವೆಂಕಟಪ್ಪ

ಬಾಣಾವರದ ಕಡೆಯವರಾದ ನಮಗೆ ಕಲೆ ಅಂದ ತಕ್ಷಣ ನೆನಪಾಗೋದು ಹಳೇಬೀಡು, ಬೇಲೂರು. ಮನೆಗೆ ನೆಂಟರು ಬಂದರೆ ಅವರನ್ನು ಅಲ್ಲಿಗೆ ಕರ್ಕೊಂಡು ಹೋಗಿಬರೋದೇ ಒಂದು ಕೆಲಸ. ಬೇಲೂರಿನ ಕೆಲವು ಶಿಲ್ಪಗಳ ಕೆಳಗೆ ಶಿಲ್ಪಿಗಳ ಹೆಸರುಗಳಿವೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ರಾಜನ ಗುಡಿಯಾದರೂ ಕೈ ತಮ್ಮದು ಅಂತ ಕಲ್ಲಿನಲ್ಲೇ ಬರೆದಿಟ್ಟವರು ಅವರು. ಅದೇ ಹಟ ಇದ್ದ ಇನ್ನೊಬ್ಬ ಕನ್ನಡಿಗ ಕೆ. ವೆಂಕಟಪ್ಪ.

ವೆಂಕಟಪ್ಪ ಹುಟ್ಟಿದ್ದು 1886ರಲ್ಲಿ, ಮೈಸೂರು ಅರಮನೆಗೆ ಚಿತ್ರ ಬರೆಯುತ್ತಿದ್ದ ಚಿತ್ರಗಾರರ ಮನೆತನದಲ್ಲಿ. ಅಳಿಲಿನ ಕೂದಲಿನ ಕುಂಚ, ಚಿನ್ನದ ರೇಕು, ಉಬ್ಬು ಕೆಲಸದ ಒಡವೆ, ಕೂದಲೆಳೆಯಷ್ಟು ಸಣ್ಣ ಗೆರೆ, ಇವೆಲ್ಲ ಮೈಸೂರು ಸಂಪ್ರದಾಯದ ಆಸ್ತಿ. ಆ ಮನೆಯಲ್ಲಿ ಬೆಳೆದವರಿಗೆ ಕೈ ಪಳಗಿಸೋಕೆ ಬೇರೆ ಶಾಲೆ ಬೇಕಿರಲಿಲ್ಲ. ಆದರೆ ನಾಲ್ವಡಿ ಕೃಷ್ಣರಾಜ ಒಡೆಯರು ಈ ಹುಡುಗನಿಗೆ ವಿದ್ಯಾರ್ಥಿವೇತನ ಕೊಟ್ಟು ಕಲ್ಕತ್ತದ ಸರ್ಕಾರಿ ಕಲಾಶಾಲೆಗೆ ಕಳಿಸಿದರು. 1909ರ ಹೊತ್ತಿಗೆ ವೆಂಕಟಪ್ಪ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ನಂದಲಾಲ್ ಬೋಸ್ ಅವರ ಜೊತೆಗಾರ.

ಇಲ್ಲಿ ಕಥೆ ಸ್ವಲ್ಪ ಜಪಾನಿಗೆ ಹೋಗಬೇಕು. 1903ರಲ್ಲಿ ಯೊಕೊಯಾಮಾ ತೈಕಾನ್, ಹಿಶಿದಾ ಶುನ್ಸೋ ಅನ್ನೋ ಇಬ್ಬರು ಜಪಾನಿ ಕಲಾವಿದರು ಕಲ್ಕತ್ತಕ್ಕೆ ಬಂದರು. ಪಾಶ್ಚಾತ್ಯ ಚಿತ್ರಗಳಲ್ಲಿ ಬರುವ ಬೆಳಕು, ಗಾಳಿ, ದೂರ ಇವನ್ನು ಜಪಾನಿನದೇ ಬಣ್ಣ, ಕುಂಚದಲ್ಲಿ ತರೋದು ಅವರ ಪ್ರಯತ್ನ. ಅದಕ್ಕಾಗಿ ಜಪಾನಿ ಚಿತ್ರದ ಬೆನ್ನೆಲುಬಾಗಿದ್ದ ಮಸಿಯ ಹೊರಗೆರೆಯನ್ನೇ ಕೈಬಿಟ್ಟರು. ಅವರ ದೇಶದ ವಿಮರ್ಶಕರು ಇದನ್ನು ಮಸುಕು ಮಸುಕು ಶೈಲಿ ಅಂತ ಗೇಲಿ ಮಾಡಿದರು. ಗೇಲಿಯ ಹೆಸರೇ ಆಮೇಲೆ ಆ ಶೈಲಿಗೆ ಅಂಟಿಕೊಂಡಿತು.

ತೈಕಾನ್ ಒದ್ದೆ ಕುಂಚದಿಂದ ಕಾಗದ ತೇವ ಮಾಡಿಕೊಂಡು ಬರೆಯೋದನ್ನು ಅವನೀಂದ್ರನಾಥರು ನೋಡಿದರು, ನೋಡಿ ಒಂದು ಹೆಜ್ಜೆ ಮುಂದೆ ಹೋದರು. ಬಣ್ಣ ಹಾಕಿದ ಇಡೀ ಹಾಳೆಯನ್ನೇ ನೀರಿನಲ್ಲಿ ಅದ್ದಿಬಿಟ್ಟರು! ಬಣ್ಣ ಹಾಕು, ಒಣಗಿಸು, ನೀರಿಗೆ ಅದ್ದು, ಮತ್ತೆ ಬಣ್ಣ ಹಾಕು. ಮೇಲೆ ನಿಂತ ಬಣ್ಣ ತೊಳೆದು ಹೋಗುತ್ತೆ, ಕಾಗದದ ನಾರಿಗೆ ಇಳಿದದ್ದು ಮಾತ್ರ ಉಳಿಯುತ್ತೆ. ಹೀಗೆ ಪದರದ ಮೇಲೆ ಪದರ ಕೂತಾಗ ಅಂಚುಗಳು ಕರಗಿ, ಇಡೀ ಚಿತ್ರ ಮಂಜಿನೊಳಗಿಂದ ಕಂಡಂತಾಗುತ್ತೆ. ಲ್ಯಾಬಿನಲ್ಲಿ ಒಂದು ಹಂತ ಬಿಟ್ಟರೆ ರಿಸಲ್ಟ್ ಕೆಡುತ್ತಲ್ಲ, ಹಾಗೇ ಇಲ್ಲೂ ಅವಸರ ನಡೆಯಲ್ಲ. ಇದೇ ಬಂಗಾಳ ಶೈಲಿಯ ವಾಶ್ ವಿಧಾನ.

ಈ ವಿಧಾನವನ್ನು ವೆಂಕಟಪ್ಪ ಕಲಿತರು, ಆದರೆ ಅದರಲ್ಲಿ ಮುಳುಗಿಹೋಗಲಿಲ್ಲ. ಗೆರೆಯನ್ನು ಕರಗಿಸುವ ಶೈಲಿ ಅದು, ಇವರ ಕೈಯಲ್ಲಿದ್ದದ್ದು ಅಪ್ಪನ ಕಾಲದ ಗೆರೆ. ಎರಡನ್ನೂ ಬಿಡದೆ ಸಂಭಾಳಿಸಿದರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿ ಅವರ ಪುರಾಣ ಕಥೆಗಳ ಪುಸ್ತಕ 1913ರಲ್ಲಿ ಬಂದಾಗ ಅದರಲ್ಲಿ ವೆಂಕಟಪ್ಪನವರ ರಾಮಾಯಣ ಚಿತ್ರಗಳಿದ್ದವು.

ಮೈಸೂರಿಗೆ ಮರಳಿದ ಮೇಲೆ ಹೊಸ ಹುಚ್ಚು ಹಿಡಿಯಿತು, ವೀಣೆ. ವೀಣೆ ಶೇಷಣ್ಣನವರ ಹತ್ತಿರ ಕಲಿಯೋಕೆ ಕೂತವರು ಎಷ್ಟು ಮುಳುಗಿದರೆಂದರೆ ಕುಂಚ ಹಿಂದೆ ಬಿತ್ತು. ಕೊನೆಗೆ ಆ ವೀಣೆಯ ಹುಚ್ಚನ್ನೇ ಚಿತ್ರ ಮಾಡಿದರು! ಮದುವೆಯಾಗಲಿಲ್ಲ. ಹಿಡಿದ ಕೆಲಸವೇ ಸಂಸಾರ.

1926ರಲ್ಲಿ ಊಟಿ, 1934ರಲ್ಲಿ ಕೊಡೈಕನಾಲ್. ಅಲ್ಲಿ ಅವರು ಬರೆದ ಜಲವರ್ಣಗಳಲ್ಲಿ ದೇವರಿಲ್ಲ, ರಾಜನಿಲ್ಲ. ಬೆಟ್ಟ, ಕೆರೆ, ಮೋಡ, ಬೆಳಕು, ಅಷ್ಟೇ. ಎದುರಿಗಿರುವ ನಿಸರ್ಗವನ್ನು ನೋಡಿ ಬರೆಯುವ ಕ್ರಮ ಪಾಶ್ಚಾತ್ಯರದು. ದೂರದ ಬೆಟ್ಟ ಕರಗುವ ಪರಿಯಲ್ಲಿ ಕಲ್ಕತ್ತದ ನೆನಪಿದೆ. ಹತ್ತಿರದ ಎಲೆಯ ನಿಖರತೆಯಲ್ಲಿ ಮೈಸೂರಿನ ಚಿತ್ರಗಾರ ಇದ್ದಾನೆ. ಮೂರೂ ಸೇರಿವೆ, ಆದರೆ ಬೆಸುಗೆ ಕಾಣಲ್ಲ.

ಆಮೇಲಿನ ಕಥೆ ಅಷ್ಟು ಸುಂದರವಲ್ಲ. ಅರಮನೆಗಾಗಿ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಉಬ್ಬು ಶಿಲ್ಪಗಳನ್ನು ಮಾಡುತ್ತಿದ್ದರು. 1940ರಲ್ಲಿ ನಾಲ್ವಡಿಯವರು ತೀರಿಕೊಂಡರು. ಕೆಲಸ ನಿಂತಿತು, ಹಣದ ವಿಷಯದಲ್ಲಿ ತಕರಾರಾಯಿತು. ತಲೆಮಾರುಗಳಿಂದ ಅರಮನೆಯ ಅನ್ನ ಉಂಡ ಮನೆತನದ ವೆಂಕಟಪ್ಪ, ಅರಮನೆಯ ವಿರುದ್ಧವೇ ಕೋರ್ಟ್ ಮೆಟ್ಟಿಲು ಹತ್ತಿದರು. ಗೋಡೆ ಕಟ್ಟಿದ್ದಕ್ಕೆ ಚದರಡಿ ಲೆಕ್ಕದಲ್ಲಿ ಎಸ್ಟಿಮೇಟ್ ಹಾಕಬಹುದು. ಒಂದು ಶಿಲ್ಪಕ್ಕೆ ಯಾವ ಲೆಕ್ಕ? ಅದರ ಹಿಂದಿನ ವರ್ಷಗಳ ಕಲಿಕೆಗೆ, ಕಾದ ಸಮಯಕ್ಕೆ ಯಾವ ರೇಟು? ರಾಜ ಕೊಟ್ಟಷ್ಟನ್ನು ಕಣ್ಣಿಗೊತ್ತಿಕೊಳ್ಳುವ ಕಾಲ ಮುಗಿಯಿತು, ಕಲಾವಿದನ ದುಡಿಮೆಗೂ ಹಕ್ಕಿದೆ ಅಂತ ಅವರು ನಂಬಿದ್ದರು. ಆ ನಂಬಿಕೆ ಅವರಿಗೆ ದುಬಾರಿಯಾಯಿತು. ಮೈಸೂರು ಬಿಟ್ಟು ಬೆಂಗಳೂರು ಸೇರಿದರು. 1965ರಲ್ಲಿ ತೀರಿಕೊಂಡರು.

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ, ಸರ್ಕಾರಿ ವಸ್ತುಸಂಗ್ರಹಾಲಯದ ಪಕ್ಕದಲ್ಲೇ ವೆಂಕಟಪ್ಪ ಕಲಾ ಗ್ಯಾಲರಿ ಇದೆ. ಪಕ್ಕದಲ್ಲೇ ವಿಶ್ವೇಶ್ವರಯ್ಯ ಮ್ಯೂಸಿಯಂ. ಇಂಜಿನಿಯರಿಂಗ್ ಹುಡುಗರಾದ ನಾವು ಅಲ್ಲಿ ಸ್ಟೀಮ್ ಎಂಜಿನ್ ನೋಡಿ, ಸೆಲ್ಫಿ ತಗೊಂಡು ವಾಪಸ್ ಬಂದುಬಿಡ್ತೀವಿ. ಮುಂದಿನ ಸಲ ಹೋದಾಗ ಪಕ್ಕದ ಗೇಟನ್ನೂ ದಾಟಿ ಬನ್ನಿ. ಊಟಿಯ ಚಿತ್ರದ ಮುಂದೆ ಒಂದೈದು ನಿಮಿಷ ನಿಂತರೆ, ಮಂಜು ಎಲ್ಲಿ ಶುರುವಾಗುತ್ತೆ, ಬೆಟ್ಟ ಎಲ್ಲಿ ಮುಗಿಯುತ್ತೆ ಅಂತ ಹುಡುಕೋದರಲ್ಲೇ ಹೊತ್ತು ಹೋಗಿರುತ್ತೆ.